ಜನರಿಗೆ ತಿಳಿವಳಿಕೆ ಇಲ್ಲ ಅನ್ನುವ ಮೊದಲು ರಿಜಿಸ್ಟರ್ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಷಯ ಪತ್ತೆ ಮಾಡುವ ಹೊಸ ಯಂತ್ರವೊಂದರ ಉದ್ಘಾಟನೆ ಇತ್ತು. ಟೇಪು, ಹಾರ, ಶಾಲು, ಭಾಷಣ ಎಲ್ಲಾ ಆಯಿತು. ಭಾಷಣ ಮಾಡಿದವರೊಬ್ಬರು "ಸರ್ಕಾರ ಎಲ್ಲಾ ಕೊಟ್ಟಿದೆ, ಆದರೆ ನಮ್ಮ ಜನರಿಗೆ ತಿಳಿವಳಿಕೆ ಇಲ್ಲ, ಕೆಮ್ಮು ಬಂದರೂ ಪರೀಕ್ಷೆಗೆ ಬರುವುದಿಲ್ಲ" ಅಂದರು. ಜೋರು ಚಪ್ಪಾಳೆ. ನಾನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ, ಕೈ ಎತ್ತಲಿಲ್ಲ. ಅದೇ ಮಾತನ್ನು ನಾನೂ ವರ್ಷಗಟ್ಟಲೆ ಹೇಳಿಕೊಂಡು ಬಂದವನು, ಅದು ಹೇಗೆ ಸುಳ್ಳಾಯಿತು ಅಂತ ನನ್ನ ಕಣ್ಣಾರೆ ನೋಡಿದವನು. ಅದಕ್ಕೇ ಈ ಪತ್ರ. ಉದ್ದ ಆದರೆ ಕತ್ತರಿಸಿಕೊಳ್ಳಿ, ಬೇಜಾರಿಲ್ಲ.

ನಾನು ಅದೇ ಸರ್ಕಾರಿ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಫ ಪರೀಕ್ಷೆ ನನ್ನ ಕೆಲಸ. ಸ್ಲೈಡಿನ ಮೇಲೆ ಕಫ ಸವರಿ, ಕಾಯಿಸಿ, ಕೆಂಪು ಬಣ್ಣ ಹಾಕಿ, ಆಸಿಡ್‌ನಲ್ಲಿ ತೊಳೆದು, ಮೇಲೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುವುದು. ಕ್ಷಯದ ರೋಗಾಣು ಇದ್ದರೆ ನೀಲಿ ಬಯಲಿನಲ್ಲಿ ಕೆಂಪು ಕಡ್ಡಿ ಬಿದ್ದ ಹಾಗೆ ಕಾಣುತ್ತದೆ. ಇಲ್ಲ ಅಂತ ಬರೆಯಬೇಕಾದರೆ ಕನಿಷ್ಠ ನೂರು ಕಡೆ ಸರಿಸಿ ನೋಡಿರಬೇಕು. ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಈಗಲೂ ಹಿಡಿದೇ ಇದೆ.

ಆಗ ಒಬ್ಬ ರೋಗಿಗೆ ಮೂರು ಸ್ಯಾಂಪಲ್. ಬಂದ ದಿನ ಒಂದು, ಡಬ್ಬಿ ಕೊಟ್ಟು ಕಳಿಸಿದರೆ ಮಾರನೇ ದಿನ ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮಿ ತರುವುದು ಇನ್ನೊಂದು, ಅದನ್ನು ಕೊಡಲು ಬಂದಾಗ ಅಲ್ಲೇ ಮತ್ತೊಂದು. ರಿಜಿಸ್ಟರಿನಲ್ಲಿ ಮೂರು ಕಾಲಂ. ಮೊದಲನೆಯದು ತುಂಬಿರುತ್ತಿತ್ತು. ಎರಡನೆಯದು, ಮೂರನೆಯದು ಎಷ್ಟೋ ಹೆಸರುಗಳ ಮುಂದೆ ಖಾಲಿ. ಮೇಲಿನವರು ಕೇಳಿದಾಗಲೆಲ್ಲ ನನ್ನ ಉತ್ತರ ರೆಡಿ ಇರುತ್ತಿತ್ತು. "ಸಾರ್, ಜನರಿಗೆ ಅಸಡ್ಡೆ. ಡಬ್ಬಿ ತಗೊಂಡು ಹೋಗ್ತಾರೆ, ವಾಪಸ್ ಬರಲ್ಲ."

ಒಂದು ದಿನ ಊಟ ಮುಗಿಸಿ ಬಂದಾಗ ಲ್ಯಾಬ್ ಕಿಟಕಿಯ ಹೊರಗಿನ ಕಟ್ಟೆ ಮೇಲೆ ಒಂದು ಡಬ್ಬಿ ಇತ್ತು. ಮುಚ್ಚಳ ಸಡಿಲ, ಬಿಸಿಲು ನೇರ ಮೇಲೆ, ಸುತ್ತ ಇರುವೆ. ಯಾರಿಟ್ಟರು ಅಂತ ವಿಚಾರಿಸಿದರೆ ಪಕ್ಕದ ಔಷಧಿ ಕೌಂಟರಿನವರು ಹೇಳಿದರು, "ಒಂದು ಅಜ್ಜಿ ಬಂದಿತ್ತು, ವೈರ್ ಬ್ಯಾಗಿನಲ್ಲಿ ಟವೆಲ್ ಸುತ್ತಿ ತಂದಿತ್ತು. ಕಿಟಕಿ ಹಾಕಿತ್ತಲ್ಲ, ಸ್ವಲ್ಪ ಹೊತ್ತು ನಿಂತು ಇಟ್ಟು ಹೋಯ್ತು." ಕಿಟಕಿ ಮೇಲೆ ಬೋರ್ಡಿತ್ತು: ಕಫದ ಮಾದರಿ ಸ್ವೀಕರಿಸುವ ಸಮಯ ಬೆಳಿಗ್ಗೆ 9ರಿಂದ 11. ಆ ಬೋರ್ಡು ಯಾರು ಬರೆಸಿದರೋ, ಯಾವ ಕಾಲದಲ್ಲಿ ಬರೆಸಿದರೋ, ನಾನು ಸೇರಿದಾಗಲೇ ಇತ್ತು. ನಾನು ಒಂದು ದಿನವೂ ಅದನ್ನು ಪ್ರಶ್ನೆ ಮಾಡಿರಲಿಲ್ಲ.

ಅವತ್ತು ಸಂಜೆ ಸುಮ್ನೆ ರಿಜಿಸ್ಟರ್ ಹಿಡಿದು ಕೂತೆ. ಎರಡನೇ ಕಾಲಂ ಖಾಲಿ ಇದ್ದವರ ವಿಳಾಸ ನೋಡುತ್ತಾ ಹೋದೆ. ವಿಳಾಸದ ಕಾಲಂ ಅನ್ನುವುದು ಸರ್ಕಾರಿ ರಿಜಿಸ್ಟರಿನಲ್ಲಿ ಬರೆಯೋದಕ್ಕೆ ಮಾತ್ರ ಇರುವಂಥದ್ದು, ಓದೋದಕ್ಕಲ್ಲ. ಓದಿದಾಗ ಗೊತ್ತಾಯಿತು, ಅದೇ ನಾಲ್ಕೈದು ಊರು ಮತ್ತೆ ಮತ್ತೆ ಬರುತ್ತಿವೆ. ಎಲ್ಲಾ ಒಂದೇ ದಿಕ್ಕಿನ ಊರುಗಳು. ಆ ದಾರಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು, ಅದು ನಮ್ಮಲ್ಲಿ ಬಂದು ನಿಲ್ಲುತ್ತಿದ್ದದ್ದು ಹನ್ನೊಂದೂಮುಕ್ಕಾಲಿಗೆ. ಅಂದರೆ ಆ ಜನ ನಸುಕಿನಲ್ಲಿ ಎದ್ದು, ಕೆಮ್ಮಿ, ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಬ್ಯಾಗಿನ ತಳಕ್ಕಿಟ್ಟು, ತುಂಬಿದ ಬಸ್ಸಿನಲ್ಲಿ ನಿಂತು ಬಂದರೆ ನನ್ನ ಕಿಟಕಿ ಮುಚ್ಚಿರುತ್ತಿತ್ತು. ಒಂದು ಸಲ ಹಾಗೆ ಆದವರು ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬರುತ್ತಾರಾ? ನಾನಾಗಿದ್ದರೂ ಬರುತ್ತಿರಲಿಲ್ಲ.

ಡಾಕ್ಟರಿಗೆ ತೋರಿಸಿದೆ. ಒಳ್ಳೆಯವರು. "ಹಾಗಿದ್ರೆ ಒಂದು ಗಂಟೆವರೆಗೂ ತಗೊಳ್ಳಿ, ಸಾಯಂಕಾಲ ಬಣ್ಣ ಹಾಕಿ" ಅಂದರು. ಬೋರ್ಡಿನ ಮೇಲೆ ಒಂದು ಬಿಳಿ ಕಾಗದ ಅಂಟಿಸಿದೆವು. ಖರ್ಚು ಅಂದರೆ ಗೋಂದು. ಖಾಲಿ ಕಾಲಂಗಳು ಕಡಿಮೆ ಆಗುತ್ತಾ ಬಂದವು.

ನಾನು ಮಾಡಿದ್ದಕ್ಕೆ ಒಂದು ಹೆಸರಿದೆ ಅಂತ ಗೊತ್ತಾದದ್ದು ಎಷ್ಟೋ ದಿನ ಆದ ಮೇಲೆ, ಒಂದು ತರಬೇತಿಗೆ ಹೋದಾಗ. ಆಪರೇಷನಲ್ ರಿಸರ್ಚ್ ಅಂತ. ಕನ್ನಡದಲ್ಲಿ ಕಾರ್ಯಾಚರಣೆ ಸಂಶೋಧನೆ ಅಂತ ಮಾಡಿದ್ದಾರೆ, ಅದು ಕೇಳಿದರೆ ಪೊಲೀಸರು ಎಲ್ಲೋ ದಾಳಿ ಮಾಡಲು ಹೊರಟ ಹಾಗಿದೆ, ಅದಕ್ಕೆ ನಾನು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಹೊಸ ಔಷಧಿ ಕಂಡುಹಿಡಿಯುವುದು ಇದರ ಕೆಲಸ ಅಲ್ಲ. ಇರುವ ಔಷಧಿ, ಇರುವ ಪರೀಕ್ಷೆ, ಇರುವ ಜನ ಯಾಕೆ ರೋಗಿಗೆ ತಲುಪುತ್ತಿಲ್ಲ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ನಮ್ಮದೇ ದಾಖಲೆ ಇಟ್ಟುಕೊಂಡು ಹುಡುಕುವುದು, ಹುಡುಕಿ ಸರಿ ಮಾಡುವುದು, ಸರಿ ಹೋಯಿತಾ ಅಂತ ಮತ್ತೆ ಎಣಿಸುವುದು. ಇಷ್ಟೇ.

ಇದೇನೋ ಅಮೆರಿಕದಿಂದ ಬಂದ ಫ್ಯಾಶನ್ ಅಂದುಕೊಳ್ಳಬೇಡಿ. ಕ್ಷಯದ ವಿಷಯದಲ್ಲಿ ಜಗತ್ತಿಗೇ ಇದನ್ನು ಕಲಿಸಿದ ಊರುಗಳಲ್ಲಿ ನಮ್ಮ ತುಮಕೂರೂ ಒಂದು. ಈ ಮಾತು ತುಮಕೂರಿನವರಿಗೇ ಗೊತ್ತಿಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಏರ್‌ಪೋರ್ಟಿಗೆ ಹೋಗುವ ಗಡಿಬಿಡಿಯಲ್ಲಿ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. 1959ರಲ್ಲಿ ಶುರುವಾದದ್ದು, 1960ರಲ್ಲಿ ನೆಹರೂ ಬಂದು ಉದ್ಘಾಟಿಸಿದರು. ಡಾಕ್ಟರುಗಳ ಜೊತೆ ಸಮಾಜಶಾಸ್ತ್ರ ತಿಳಿದವರು, ಸಂಖ್ಯಾಶಾಸ್ತ್ರದವರು ಎಲ್ಲರೂ ಒಂದೇ ಸೂರಿನ ಕೆಳಗೆ ಕೂತಿದ್ದರು. ಮುಂದೆ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಕೂಡ ಅದಕ್ಕೂ ಮುಂಚೆ ಭಾರತದಲ್ಲಿ ವರ್ಷಗಟ್ಟಲೆ ಕ್ಷಯದ ಕೆಲಸವನ್ನೇ ಮಾಡಿದವರು.

ಆಗ ದೊಡ್ಡವರ ನಂಬಿಕೆ ಏನಿತ್ತು ಅಂದರೆ, ಹಳ್ಳಿಯವರಿಗೆ ಕಾಯಿಲೆಯ ಪರಿವೆಯೇ ಇಲ್ಲ, ಎಕ್ಸ್‌ರೇ ಯಂತ್ರವನ್ನು ವ್ಯಾನಿನಲ್ಲಿ ಹೇರಿಕೊಂಡು ಊರೂರಿಗೆ ಹೋಗಿ ಅವರನ್ನು ಹುಡುಕಿ ತೆಗೆಯಬೇಕು ಅಂತ. ಭಾಷಣ ಮಾಡಿದವರು ಹೇಳಿದ್ದೂ ಅದೇ ಅಲ್ವಾ? 1960-61ರಲ್ಲಿ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸರ್ವೆ ಮಾಡಿ ಯಾರಿಗೆ ಕ್ಷಯ ಇದೆ ಅಂತ ಗುರುತಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವ ಇಬ್ಬರು ಆ ರೋಗಿಗಳನ್ನೇ ಕೂರಿಸಿಕೊಂಡು ಕೇಳಿಸಿದರು: ನಿಮಗೆ ಏನಾಗಿದೆ ಅನಿಸುತ್ತಿದೆ, ಅದಕ್ಕೆ ಏನು ಮಾಡಿದಿರಿ? ಸಿಕ್ಕ ಉತ್ತರ ಅಚ್ಚಾದದ್ದು 1963ರಲ್ಲಿ, ಆದರೆ ಯೋಜನೆ ಮಾಡುವವರಿಗೆ ಅದು ಮೊದಲೇ ತಲುಪಿತ್ತು. ಹೆಚ್ಚುಕಡಿಮೆ ಎಲ್ಲರಿಗೂ ಮೈಯಲ್ಲಿ ಏನೋ ಸರಿ ಇಲ್ಲ ಅಂತ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಅದಕ್ಕಾಗಿ ಪರಿಹಾರ ಹುಡುಕಿಕೊಂಡು ಆಗಲೇ ಹೋಗಿ ಬಂದಿದ್ದರು. ಆಸ್ಪತ್ರೆಗೆ ಹೋದವರಿಗೆ ಕಫ ಪರೀಕ್ಷೆ ಮಾಡುವ ಬದಲು ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ಕಳಿಸಲಾಗಿತ್ತು.

ಅದನ್ನು ಇನ್ನೊಂದು ಸಲ ಓದಿ. ರೋಗಿ ಬಾಗಿಲಿಗೆ ಬಂದಿದ್ದ. ನಾವು ವ್ಯಾನು ತಗೊಂಡು ಅವನನ್ನು ಊರಲ್ಲಿ ಹುಡುಕಲು ಹೊರಟಿದ್ದೆವು.

ಆ ಒಂದು ಉತ್ತರ ದೇಶದ ಯೋಜನೆಯನ್ನೇ ತಿರುಗಿಸಿತು. 1962ರಿಂದ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೋಗಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ದುಬಾರಿ ಕ್ಷಯದ ಆಸ್ಪತ್ರೆ, ಅಂದರೆ ಸ್ಯಾನಿಟೋರಿಯಂ ಮೇಲೆ ನಿಲ್ಲಲಿಲ್ಲ, ಸಾಮಾನ್ಯ ಆಸ್ಪತ್ರೆಗೆ ಕೆಮ್ಮಿಕೊಂಡು ಬಂದವರ ಕಫವನ್ನು ಅಲ್ಲೇ ಪರೀಕ್ಷೆ ಮಾಡುವುದರ ಮೇಲೆ ನಿಂತಿತು. ಅದಕ್ಕೆ ಧೈರ್ಯ ಕೊಟ್ಟದ್ದು 1959ರ ಮದರಾಸಿನ ಅಧ್ಯಯನ. ಸ್ಯಾನಿಟೋರಿಯಂನಲ್ಲಿ ಒಳ್ಳೆ ಊಟ, ವಿಶ್ರಾಂತಿ ಸಿಕ್ಕಿದವರೂ, ಇಕ್ಕಟ್ಟಾದ ತಮ್ಮ ಮನೆಯಲ್ಲೇ ಇದ್ದು ಮಾತ್ರೆ ತಗೊಂಡವರೂ ಹೆಚ್ಚುಕಡಿಮೆ ಒಂದೇ ಥರ ಗುಣವಾಗುತ್ತಾರೆ ಅಂತ ಆ ಅಧ್ಯಯನ ತೋರಿಸಿತ್ತು. ಬೆಂಗಳೂರಿನ ಅದೇ ಕಟ್ಟಡದಿಂದ 1962ರಲ್ಲಿ ವಾಲರ್, ಗೆಸರ್, ಆಂಡರ್ಸನ್ ಮೂವರು ಕ್ಷಯ ಹೇಗೆ ಹರಡುತ್ತದೆ ಅನ್ನುವುದಕ್ಕೆ ಗಣಿತದ ಮಾದರಿ ಮಾಡಿ ಪ್ರಕಟಿಸಿದರು. ಕೋವಿಡ್ ಕಾಲದಲ್ಲಿ ಟೀವಿ ತುಂಬಾ ಮಾದರಿ, ಗ್ರಾಫು ಅಂತ ಕೂಗಾಡಿದರಲ್ಲ, ಆ ಥರದ ಕೆಲಸಕ್ಕೆ ನಮ್ಮ ಬಳ್ಳಾರಿ ರಸ್ತೆಯಲ್ಲಿ ಅರವತ್ತು ವರ್ಷದ ಹಿಂದೆಯೇ ಕೈ ಹಾಕಿದ್ದರು.

ನನ್ನ ಮೂರು ಸ್ಯಾಂಪಲ್ಲಿನ ಕತೆಗೂ ಮುಂದೆ ಹೀಗೇ ಒಂದು ಗತಿ ಆಯಿತು. ಬೇರೆ ಬೇರೆ ದೇಶದ ಲ್ಯಾಬ್ ರಿಜಿಸ್ಟರುಗಳನ್ನು ಒಟ್ಟು ಹಾಕಿ ನೋಡಿದರೆ ಸಿಕ್ಕುವ ರೋಗಿಗಳಲ್ಲಿ ನೂರಕ್ಕೆ ಸುಮಾರು 86 ಮಂದಿ ಮೊದಲ ಸ್ಯಾಂಪಲ್ಲಿನಲ್ಲೇ ಸಿಕ್ಕಿಬಿಡುತ್ತಿದ್ದರು, ಎರಡನೆಯದರಲ್ಲಿ ಇನ್ನು 12, ಮೂರನೆಯದರಿಂದ ಹೊಸದಾಗಿ ಸಿಕ್ಕುತ್ತಿದ್ದವರು ಬರೀ ಎರಡು-ಮೂರು. ಆ ಎರಡು-ಮೂರು ಮಂದಿಗಾಗಿ ಲ್ಯಾಬಿನವನ ಕುತ್ತಿಗೆ ಮುರಿಯುತ್ತಿತ್ತು, ಸ್ಲೈಡುಗಳ ರಾಶಿ ಬೀಳುತ್ತಿತ್ತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ಸಾಕು ಅಂದಿತು, 2009ರಲ್ಲಿ ನಮ್ಮ ದೇಶದಲ್ಲೂ ಎರಡಾಯಿತು. ಮೂರು ವಾರ ಕೆಮ್ಮಿದ್ದರೆ ಪರೀಕ್ಷೆ ಅನ್ನುತ್ತಿದ್ದದ್ದು ಎರಡು ವಾರಕ್ಕೆ ಇಳಿದದ್ದೂ ಆಗಲೇ. ಆ ಬದಲಾವಣೆಯ ಹಿಂದೆಯೂ ಹೊರರೋಗಿ ವಿಭಾಗದಲ್ಲಿ ಕೂತು ಎಣಿಸಿದವರಿದ್ದರು.

ಈಗ ಪಕ್ಕದ ರಾಜ್ಯದ ಮಾತು. ತಮಿಳುನಾಡಿನಲ್ಲಿ 2022ರಿಂದ ಕ್ಷಯದಿಂದ ಸಾಯುವವರನ್ನು ಉಳಿಸಲು ಒಂದು ಯೋಜನೆ ನಡೆಯುತ್ತಿದೆ, ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ ಅಂತ. ಕ್ಷಯದಿಂದ ಸಾಯುವವರಲ್ಲಿ ಜಾಸ್ತಿ ಜನ ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲೇ ಸಾಯುತ್ತಾರೆ. ಅಂದರೆ ಬರುವಾಗಲೇ ಬಹಳ ಬಿದ್ದುಹೋಗಿರುತ್ತಾರೆ, ನಾವು ಎಲ್ಲರಿಗೂ ಕೊಟ್ಟ ಹಾಗೆ ಅವರಿಗೂ ಮಾತ್ರೆ ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತೇವೆ. ಅಲ್ಲಿ ಹಾಗಲ್ಲ. ರೋಗ ಗೊತ್ತಾದ ಕೂಡಲೇ ಆರೋಗ್ಯ ಕಾರ್ಯಕರ್ತರೇ ಕೆಲವು ವಿಷಯ ನೋಡುತ್ತಾರೆ. ಎತ್ತರ, ತೂಕ ಎಷ್ಟು. ಕಾಲು ಊದಿದೆಯಾ. ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ. ಬೆರಳಿಗೆ ಕ್ಲಿಪ್ ಹಾಕಿದರೆ ಆಕ್ಸಿಜನ್ 94ಕ್ಕಿಂತ ಕೆಳಗಿದೆಯಾ. ಯಾರ ಆಸರೆ ಇಲ್ಲದೆ ಎದ್ದು ನಿಲ್ಲುತ್ತಾರಾ. ಇದರಲ್ಲಿ ಎಡವಿದವರನ್ನು ಮನೆಗೆ ಕಳಿಸದೆ ದಾಖಲು ಮಾಡಿಕೊಳ್ಳುತ್ತಾರೆ. ದೊಡ್ಡ ಯಂತ್ರ ಬೇಡ. ತೂಕ ನೋಡುವ ಸ್ಕೇಲು, ಟೇಪು, ಗಡಿಯಾರ, ಬೆರಳಿನ ಕ್ಲಿಪ್ಪು, ಒಂದು ಹಾಳೆ. ಇದರ ಹಿಂದಿರುವುದು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರ ಕೆಲಸ. ತಮಾಷೆ ಅಂದರೆ, ಈ ಥರ ಹಾಳೆ ಹಿಡಿದು ರೋಗಿಗಳನ್ನು ವಿಂಗಡಿಸಿ ನೋಡುವ ಪ್ರಯೋಗ ಅದಕ್ಕೂ ಮೊದಲು ನಡೆದದ್ದು ನಮ್ಮ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ. ಹೆಪ್ಪು ಹಾಕಿದ್ದು ನಮ್ಮ ಮನೆಯಲ್ಲಿ, ಮಜ್ಜಿಗೆ ಕಡೆದದ್ದು ಪಕ್ಕದ ಮನೆಯಲ್ಲಿ.

ಊಟದ ವಿಷಯವೂ ಹಾಗೇ. "ಮಾತ್ರೆ ಕೊಟ್ಟರೂ ನೆಟ್ಟಗೆ ತಗೊಳ್ಳಲ್ಲ" ಅಂತ ರೋಗಿಯನ್ನು ಬೈಯುವುದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಖಾಲಿ ಹೊಟ್ಟೆಗೆ ಅಷ್ಟು ಮಾತ್ರೆ ನುಂಗಿ ನೋಡಿ ಒಂದು ದಿನ, ಗೊತ್ತಾಗುತ್ತದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡಿನಲ್ಲಿ 2,800 ರೋಗಿಗಳಿಗೆ ತಿಂಗಳು ತಿಂಗಳು ರೇಷನ್ ಕೊಟ್ಟರು, ಅರ್ಧದಷ್ಟು ಮನೆಗಳಲ್ಲಿ ಮನೆಮಂದಿಗೂ ಕೊಟ್ಟರು. ರೇಷನ್ ಸಿಕ್ಕಿದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಸಿಗದವರಿಗಿಂತ ಶೇ. 39ರಷ್ಟು ಕಡಿಮೆ ಆಯಿತು. 2023ರಲ್ಲಿ ಅದು ಪ್ರಕಟವಾಯಿತು. ಇದು ದೊಡ್ಡ ಪ್ರಯೋಗ, ನಮ್ಮ ಕೈಯಲ್ಲಾಗುವಂಥದ್ದಲ್ಲ, ಒಪ್ಪುತ್ತೇನೆ. ಆದರೆ ಅದರ ಬಾಲ ಹಿಡಿದು ಒಂದು ಸಣ್ಣ ಪ್ರಶ್ನೆಯನ್ನು ಪ್ರತಿ ತಾಲ್ಲೂಕೂ ಕೇಳಿಕೊಳ್ಳಬಹುದು. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆ ಅಂತ ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ನಮ್ಮ ತಾಲ್ಲೂಕಿನಲ್ಲಿ ಆ ದುಡ್ಡು ರೋಗಿಯ ಖಾತೆಗೆ ಬೀಳುವುದು ಮಾತ್ರೆ ಶುರುವಾದ ಎಷ್ಟನೇ ದಿನಕ್ಕೆ? ಯಾರದು ತಡ ಆಗುತ್ತದೆ, ಯಾಕೆ? ಬ್ಯಾಂಕ್ ಖಾತೆ ಇಲ್ಲದ್ದಕ್ಕಾ, ಆಧಾರ್ ಹೆಸರು ಹೊಂದದ್ದಕ್ಕಾ, ನಮ್ಮಲ್ಲೇ ಎಂಟ್ರಿ ಹಾಕುವವರು ರಜೆ ಇದ್ದದ್ದಕ್ಕಾ? ಈ ಲೆಕ್ಕಕ್ಕೆ ವಿಜ್ಞಾನಿ ಬೇಡ. ಒಂದು ಮಧ್ಯಾಹ್ನ, ಒಂದು ಪೆನ್ಸಿಲ್ ಸಾಕು.

ಕ್ಷಯ ಬಿಡಿ, ಸುಮ್ನೆ ಸರದಿಯ ವಿಷಯಕ್ಕೇ ಬನ್ನಿ. ಹೋದ ತಿಂಗಳು ಮಂಡಿ ನೋವಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಹೆಸರು ಯಾಕೆ ಬಿಡಿ, ಎಲ್ಲಾ ಕಡೆ ಅದೇ. ಎಲ್ಲರಿಗೂ ಒಂಬತ್ತಕ್ಕೆ ಬನ್ನಿ ಅಂದಿದ್ದಾರೆ. ಡಾಕ್ಟರು ಬಂದದ್ದು ಹತ್ತೂವರೆಗೆ. ಅಷ್ಟರಲ್ಲಿ ಬೆಂಚಿನ ಮೇಲೆ ಜಾಗ ಇಲ್ಲ, ಮಂಡಿ ನೋವಿನವರೆಲ್ಲಾ ನಿಂತುಕೊಂಡೇ ಇದ್ದೇವೆ, ಸೆಕ್ಯುರಿಟಿಯವನು "ನಿಮಗೆ ಶಿಸ್ತು ಅನ್ನೋದೇ ಇಲ್ಲ" ಅಂತ ಕೂಗುತ್ತಿದ್ದಾನೆ. ನೋಡಿ, ಇಲ್ಲೂ ತಪ್ಪು ಜನರದ್ದೇ. ನಾರ್ಮನ್ ಬೇಯ್ಲಿ ಅನ್ನುವ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ 1952ರಲ್ಲೇ ಈ ಹೊರರೋಗಿ ಸರದಿಯ ಲೆಕ್ಕ ಮಾಡಿ ಬರೆದಿಟ್ಟಿದ್ದಾರೆ: ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬರನ್ನು ನೋಡಲು ಸರಾಸರಿ ಎಷ್ಟು ನಿಮಿಷ ಬೇಕೋ ಅಷ್ಟಷ್ಟು ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯಿರಿ. ಡಾಕ್ಟರೂ ಖಾಲಿ ಕೂರುವುದಿಲ್ಲ, ರೋಗಿಯೂ ಬೆಳಗಿನಿಂದ ಒಣಗುವುದಿಲ್ಲ. ಎಪ್ಪತ್ತು ವರ್ಷದ ಮೇಲಾಯಿತು. ನಾವಿನ್ನೂ ಎಲ್ಲರೂ ಒಂಬತ್ತಕ್ಕೇ.

ಹಾಗಾದರೆ ನಮ್ಮಲ್ಲಿ ಇದು ಯಾಕೆ ಆಗುವುದಿಲ್ಲ? ಸಿಬ್ಬಂದಿ ಕಡಿಮೆ, ನಿಜ. ಆದರೆ ಎಣಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಪ್ರತಿ ಆಸ್ಪತ್ರೆಯಲ್ಲೂ ಒಬ್ಬರಲ್ಲ ಒಬ್ಬರು ದಿನವಿಡೀ ಯಾವುದೋ ಪೋರ್ಟಲ್ ತುಂಬಿಸುತ್ತಲೇ ಇರುತ್ತಾರೆ. ಕ್ಷಯಕ್ಕೆ ಒಂದು, ತಾಯಿ-ಮಗುವಿಗೆ ಒಂದು, ಬಿಪಿ-ಶುಗರ್‌ಗೆ ಒಂದು. ಮಾಹಿತಿ ಎಲ್ಲಾ ಏಣಿ ಹತ್ತಿ ಮೇಲೆ ಹೋಗುತ್ತದೆ, ಇಳಿದು ಬರುವುದು ಮಾತ್ರ "ನಿಮ್ಮ ಜಿಲ್ಲೆ ಹಿಂದೆ ಬಿದ್ದಿದೆ" ಅನ್ನುವ ಮೆಸೇಜು. ತುಂಬಿಸಿದ ಆ ಹುಡುಗಿಗೆ ತಾನು ತುಂಬಿಸಿದ್ದರಲ್ಲಿ ಏನಿದೆ ಅಂತ ಕೂತು ನೋಡಲು ಯಾರೂ ಅರ್ಧ ದಿನ ಕೊಡುವುದಿಲ್ಲ.

ಇನ್ನೊಂದು, ಹೇಳಲೇಬೇಕಾದ್ದು, ಹೆದರಿಕೆ. ಖಾಲಿ ಕಾಲಂ ಎಣಿಸಿ ತೋರಿಸಿದರೆ ಮೊದಲು ಬರುವುದು "ಇಷ್ಟು ದಿನ ಏನು ಮಾಡುತ್ತಿದ್ದಿರಿ" ಅನ್ನುವ ನೋಟೀಸು. ನನಗೆ ಬರಲಿಲ್ಲ, ನನ್ನ ಡಾಕ್ಟರು ಒಳ್ಳೆಯವರು ಅಂತ. ಬೇರೆ ಕಡೆ ಬಂದದ್ದನ್ನು ನೋಡಿದ್ದೇನೆ. ಹಾಗಿರುವಾಗ ಜಾಣ ನೌಕರ ಏನು ಮಾಡುತ್ತಾನೆ? ಕಾಲಂ ತುಂಬುತ್ತಾನೆ. ಕಫ ಬಾರದಿದ್ದರೂ ತುಂಬುತ್ತಾನೆ. ಗುರಿ ಮುಟ್ಟಿತು ಅಂತ ಶಾಲೂ ಹೊದಿಸುತ್ತಾರೆ. ತಪ್ಪನ್ನು ತಾನಾಗಿ ಎಣಿಸಿ ತಂದವನಿಗೆ ನೋಟೀಸು, ಮುಚ್ಚಿದವನಿಗೆ ಶಾಲು ಇರುವವರೆಗೆ ನೀವು ಎಷ್ಟು ಕೋಟಿಯ ಯಂತ್ರ ತಂದಿಟ್ಟರೂ ಅಷ್ಟೇ. ಆ ಹೊಸ ಯಂತ್ರಕ್ಕೆ ನನ್ನ ವಿರೋಧ ಇಲ್ಲ. ನಾನು ನೂರು ಕಡೆ ಸರಿಸಿ ನೋಡಿದರೂ ಕಾಣದ್ದನ್ನು ಅದು ಒಂದೆರಡು ಗಂಟೆಯಲ್ಲಿ ಹೇಳುತ್ತದೆ. ಆದರೆ ಕಿಟಕಿ ಹೊರಗೆ ಬಿಸಿಲಲ್ಲಿ ಕೂತಿರುವ ಡಬ್ಬಿಯನ್ನು ಅದು ಎದ್ದು ಹೋಗಿ ತರುವುದಿಲ್ಲ.

ಕಲಿಸುವವರು ಇಲ್ಲ ಅನ್ನುವ ಹಾಗೂ ಇಲ್ಲ. ಈ ಆಪರೇಷನಲ್ ರಿಸರ್ಚನ್ನೇ ಕಲಿಸುವ ಸಾರ್ಟ್ ಇಟ್ ಅಂತ ಒಂದು ತರಬೇತಿ 2009ರಿಂದ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತಿದೆ, ಭಾರತದಲ್ಲೂ ನಡೆದಿದೆ. ಅದರ ನಿಯಮ ನನಗೆ ಬಹಳ ಇಷ್ಟ. ನಿಮ್ಮ ಕೆಲಸದಿಂದಲೇ ಒಂದು ಪ್ರಶ್ನೆ ತರಬೇಕು, ನಿಮ್ಮ ದಾಖಲೆಯಿಂದಲೇ ಉತ್ತರ ಹುಡುಕಬೇಕು, ಗಡುವಿನೊಳಗೆ ಬರೆದು ಪ್ರಕಟಣೆಗೆ ಕಳಿಸಬೇಕು. ಗಡುವು ತಪ್ಪಿದರೆ ಹೊರಗೆ. ಸರ್ಟಿಫಿಕೇಟಿಗೆ ಊಟ ಮಾಡಿ ಸಹಿ ಹಾಕಿ ಬರುವ ನಮ್ಮ ತರಬೇತಿಗಳ ಥರ ಅಲ್ಲ. ನಮ್ಮ ಜಿಲ್ಲಾ ಮಟ್ಟದಲ್ಲಿ ಇದನ್ನೇ ಕನ್ನಡದಲ್ಲಿ, ನರ್ಸು, ಲ್ಯಾಬಿನವರು, ಆಶಾ ಕಾರ್ಯಕರ್ತೆಯರು ಎಲ್ಲರೂ ಕೂರುವ ಹಾಗೆ ಮಾಡಲು ಏನಡ್ಡಿ? ಇಂಗ್ಲಿಷ್ ಜರ್ನಲಿಗೆ ಹೋಗದಿದ್ದರೂ ಪರವಾಗಿಲ್ಲ. ಎರಡು ಪುಟ ಕನ್ನಡದಲ್ಲಿ ಬರೆದು ಜಿಲ್ಲಾ ಕಚೇರಿಯ ಫೈಲಿನಲ್ಲಿ ಹಾಕಿ, ಮುಂದೆ ಬರುವವರು ಓದಲಿ.

ಬರೆದಿಡಿ ಅನ್ನುವುದನ್ನು ಒತ್ತಿ ಹೇಳಲು ಕಾರಣ ಇದೆ. ನಾನು ಬರೆದಿಡಲಿಲ್ಲ. ಗೋಂದು ಹಚ್ಚಿದ ಕಾಗದ ಅಂಟಿಸಿ ಸುಮ್ಮನಾದೆ. ಡಾಕ್ಟರು ವರ್ಗವಾದರು, ನಾನು ನಿವೃತ್ತನಾದೆ, ಗೋಡೆಗೆ ಸುಣ್ಣ ಹೊಡೆದು ಹೊಸ ಬೋರ್ಡು ಬರೆಸಿದರು. ಉದ್ಘಾಟನೆ ಮುಗಿದ ಮೇಲೆ ಹಳೇ ಜಾಗ ಅಲ್ವಾ ಅಂತ ಲ್ಯಾಬ್ ಕಡೆ ಹೋಗಿದ್ದೆ. ಕಿಟಕಿ ಹಾಕಿತ್ತು. ಮೇಲೆ ನೀಲಿ ಬಣ್ಣದಲ್ಲಿ ನೀಟಾಗಿ ಬರೆದಿದ್ದಾರೆ: ಬೆಳಿಗ್ಗೆ 9ರಿಂದ 11. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದೆ, ಆ ಕಡೆಯ ಬಸ್ಸು ಈಗಲೂ ಹನ್ನೊಂದೂಮುಕ್ಕಾಲಿಗೇ ಬರುತ್ತದಂತೆ.

ಇಂತಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ತುಮಕೂರು ಜಿಲ್ಲೆ